ಪುಕ್ಕಟೆ ಪತ್ರಿಕೆಯಲ್ಲಿ ನಾಟಿ ಮೊಟ್ಟೆ

ಸಂಶೋಧನೆ ಗಂಭೀರ ಕೆಲಸ ಎಂದವರು ಶಿವಮೊಗ್ಗದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿರಲಿಕ್ಕಿಲ್ಲ. ನನ್ನ ಒಂದೇ ಒಂದು ಲೇಖನ ಬೆಳಕು ಕಾಣುವಷ್ಟರಲ್ಲಿ ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳು ಸಾಲುಗಟ್ಟಿದವು. ಮೊಟ್ಟೆಯೊಳಗೆ ಕೋಳಿಮರಿಯ ಹೃದಯ ಹೇಗೆ ರೂಪುಗೊಳ್ಳುತ್ತದೆ ಎಂಬುದು ನನ್ನ ವಿಷಯ. ಅದು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಓದಬಹುದಾದ ಪತ್ರಿಕೆಯಲ್ಲೇ ಬರಬೇಕೆಂಬುದು ನನ್ನ ಹಟ.

ಬೀಗದ ಗೌರವ

ಆಲ್ಕೊಳದಲ್ಲಿರುವ ಹಿರಿಯ ಸಹೋದ್ಯೋಗಿಗೆ ಇದು ಸರಿಬರಲಿಲ್ಲ. "ಪುಕ್ಕಟೆ ಸಿಗೋದಕ್ಕೆ ಕಿಮ್ಮತ್ತಿಲ್ಲ ಮಾರಾಯ. ನಂದು ನೋಡು, ಬೀಗ ಹಾಕಿರೋ ಪತ್ರಿಕೇಲಿ ಬಂದಿದೆ. ದುಡ್ಡು ಕಟ್ಟದೆ ಒಂದು ನರಪಿಳ್ಳೆಗೂ ಓದೋಕಾಗಲ್ಲ," ಎಂದರು.

ಮಾರನೇ ವಾರ ಅವರೇ ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದರು. "ಕಂಪ್ಯೂಟರ್ ಕೆಟ್ಟು, ಅದರಲ್ಲಿದ್ದ ನನ್ನ ಪ್ರತೀನೂ ಹೋಯ್ತು. ನನ್ನ ಲೇಖನ ಎಲ್ಲಾದ್ರೂ ಪುಕ್ಕಟೆ ಸಿಗುತ್ತೇನೋ ನೋಡು ಮಾರಾಯ."

ಕಾವಿನ ರಜೆ

ಅಂಗಡಿಯ ಫಾರಂ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ. ಹಾಗಾಗಿ ಭದ್ರಾವತಿಯ ನ್ಯೂ ಟೌನಿನಲ್ಲಿ ನಾಟಿಕೋಳಿ ಸಾಕಿರುವ, ಬೀದಿಯವರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸೇ ನನಗೆ ಗತಿ. ಇನ್ನೊಂದಿಷ್ಟು ಮೊಟ್ಟೆಗಳಲ್ಲಿ ಪ್ರಯೋಗ ಮಾಡಿ ತೋರಿಸದಿದ್ದರೆ ಲೇಖನ ತೆಗೆದುಕೊಳ್ಳುವುದಿಲ್ಲ ಎಂದು ಪತ್ರಿಕೆಯಿಂದ ಮೇಲ್ ಬಂತು. ಓಡಿದೆ ಭದ್ರಾವತಿಗೆ.

"ಎಲ್ಲಾ ಕಾವಿಗೆ ಕೂತವೆ ಸಾರ್. ಈಗ ಹತ್ರ ಹೋದ್ರೆ ಕುಕ್ತವೆ," ಎಂದರು ಅಕ್ಕ. "ಮರಿ ಆಗಿ, ಮರಿ ಒಂಚೂರು ದೊಡ್ಡವಾಗಿ, ಮತ್ತೆ ಮೊಟ್ಟೆ ಇಟ್ಟಮೇಲೆ ಕೊಡ್ತೀನಿ ಅಂತ ನಿಮ್ಮ ಪೇಪರಿನೋರಿಗೆ ಹೇಳಿ."

ಬೇರೆ ದಾರಿಯಿಲ್ಲದೆ ಅದನ್ನೇ ಇಂಗ್ಲಿಷಿಗೆ ಇಳಿಸಿ ಸಂಪಾದಕರಿಗೆ ಬರೆದೆ. ಉತ್ತರ ಬಂತು: "ಕಾಯುತ್ತೇವೆ. ತಾಯಂದಿರಿಗೆ ನಮ್ಮ ಶುಭಾಶಯ ತಿಳಿಸಿ."

ಪಕ್ಕದ ಮನೆಯ ಪಾಲು

ಅಕ್ಕ ಮೊಟ್ಟೆ ಕೊಟ್ಟು, ಪ್ರಯೋಗ ಮುಗಿದು, ಕೊನೆಗೂ ಲೇಖನ ಬಂತು. ಖುಷಿ ತಡೆಯಲಾರದೆ ಅಕ್ಕನ ಮನೆಗೆ ಹೋಗಿ ಅವರ ಫೋನಿನಲ್ಲೇ ತೆರೆದು ತೋರಿಸಿದೆ. ಸಾಸಿವೆ ಕಾಳಿನಷ್ಟು ಕೆಂಪು ಹೃದಯ ಮೊಟ್ಟೆಯೊಳಗೆ ಬಡಿಯುವ ವಿಡಿಯೊ, ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಅಕ್ಕನ ಹೆಸರು. ಅಕ್ಕ ಫೋನನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದರು.

"ಇದನ್ನ ಯಾರು ಬೇಕಾದ್ರೂ ನೋಡಬಹುದಾ ಸಾರ್?"

"ಯಾರು ಬೇಕಾದ್ರೂ."

ಸಂಜೆಯೊಳಗೆ ಬೀದಿಯ ಫೋನುಗಳಲ್ಲೆಲ್ಲ ಆ ಹೃದಯ ಬಡಿಯುತ್ತಿತ್ತು. ಹಟ ಹಿಡಿದದ್ದು ಸಾರ್ಥಕವಾಯಿತು ಎಂದು ನನಗೆ ಬಹಳ ಸಂತೋಷವಾಯಿತು.

ಮರುದಿನ ಅಕ್ಕನ ಪಕ್ಕದ ಮನೆಯ ಯಜಮಾನರು, ಕಾರ್ಖಾನೆಯಿಂದ ನಿವೃತ್ತರಾದವರು, ಬಸ್ ಹತ್ತಿ ನೇರ ನಮ್ಮ ಕಾಲೇಜಿಗೇ ಬಂದರು.

"ಮಗಳ ಕೈಲಿ ಪೂರ್ತಿ ಓದಿಸ್ದೆ ಸಾರ್. ಅಕ್ಕನ ಹೆಸರು ಹಾಕಿದೀರಿ, ಸಂತೋಷ. ಆದ್ರೂ ಅನ್ಯಾಯ ಮಾಡ್ಬಿಟ್ರಿ."

ಲೇಖನದಲ್ಲಿ ಏನು ತಪ್ಪಿತೋ ಎಂದು ನನಗೆ ಗಾಬರಿ. "ಏನಾಯ್ತು ಯಜಮಾನ್ರೇ?"

"ಅವರ ಮನೇಲಿರೋದು ಬರೀ ಹೇಟೆ. ಹುಂಜ ನಮ್ಮದಲ್ವಾ ಸಾರ್?"