ಮೋಟಾರ್ ಸೈಕಲ್ಲಿಗೆ ಆಲ್ಟರೇಷನ್

ನಾನು ದರ್ಜಿ. ಅಂತಿಂಥ ದರ್ಜಿಯಲ್ಲ, ಕೋಟಿನ ದರ್ಜಿ. ಗೂನು ಬೆನ್ನಿನವರನ್ನು ನೆಟ್ಟಗೆ ನಿಲ್ಲಿಸಿದ್ದೇನೆ, ಡೊಳ್ಳು ಹೊಟ್ಟೆಯವರ ಹೊಟ್ಟೆಯನ್ನು ಅವರ ಹೆಂಡತಿಯರಿಗೇ ಕಾಣದ ಹಾಗೆ ಮಾಯ ಮಾಡಿದ್ದೇನೆ, ಒಂದು ಭುಜ ಮೇಲಕ್ಕೂ ಇನ್ನೊಂದು ಕೆಳಕ್ಕೂ ಇದ್ದ ಬ್ಯಾಂಕ್ ಮ್ಯಾನೇಜರೊಬ್ಬರನ್ನು ಫೋಟೋಗೆ ನಿಲ್ಲುವ ಮಟ್ಟಿಗೆ ಸಮ ಮಾಡಿದ್ದೇನೆ. ಅಳತೆ ಬರೆದಿಟ್ಟುಕೊಳ್ಳುವ ಅಭ್ಯಾಸವೂ ನನಗಿಲ್ಲ. ಒಮ್ಮೆ ಟೇಪು ಹಿಡಿದರೆ ಸಾಕು, ಅದು ಬಂದು ತಲೆಯಲ್ಲಿ ಕೂತುಬಿಡುತ್ತದೆ. ನನ್ನ ಅಂಗಡಿಯಿಂದ ಹೋದ ಕೋಟು ‘ಇಲ್ಲಿ ಬಿಗಿ, ಅಲ್ಲಿ ಸಡಿಲ’ ಎಂದು ವಾಪಸು ಬಂದ ಚರಿತ್ರೆಯೇ ಇಲ್ಲ. ಊರಿನವರ ಮೈಗೆಲ್ಲ ಬಟ್ಟೆ ಹೊಂದಿಸಿದ ನಾನು ನನ್ನ ಸ್ವಂತ ಮೋಟಾರ್ ಸೈಕಲ್ಲನ್ನು ನನ್ನ ಸ್ವಂತ ಮೈಗೆ ಹೊಂದಿಸಿಕೊಳ್ಳಲಾರೆನೆ? ಹೊಂದಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟೆ!

ಪಣ ತೊಡುವಂತೆ ಮಾಡಿದ್ದು ಒಂದು ಪೆಟ್ರೋಲ್ ಬಂಕು. ಪೆಟ್ರೋಲ್ ಹಾಕಿಸಿಕೊಂಡು, ಎಂದಿನ ಠೀವಿಯಲ್ಲಿ ಬಲಗಾಲನ್ನು ಎತ್ತಿ ಸೀಟಿನ ಆಚೆಗೆ ಬೀಸಿದೆ. ಕಾಲು ಆಚೆಗೆ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಸೀಟಿನ ಮೇಲೆ ಹಾಯಾಗಿ ಮಲಗಿಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾನು ಉಳಿದ ಒಂಟಿ ಕಾಲಿನಲ್ಲಿ ಕುಪ್ಪಳಿಸಿದೆ. ಗಾಡಿಯೂ ನನ್ನ ಜೊತೆ ಬಂತು. ಹೀಗೆ ಇಬ್ಬರೂ ಜೊತೆಜೊತೆಯಾಗಿ, ಅಂದವಾಗಿ ಜೋಡಿಸಿಟ್ಟಿದ್ದ ಆಯಿಲ್ ಡಬ್ಬಗಳ ಗೋಪುರದೊಳಕ್ಕೆ ಹೋದೆವು. ಹಿಂದೆ ಕೂರಲು ಚೀಲ ಹಿಡಿದು ನಿಂತಿದ್ದ ನನ್ನ ಹೆಂಡತಿ, ಡಬ್ಬಗಳೆಲ್ಲ ಉರುಳಿ ಮುಗಿಯುವವರೆಗೆ ಕಾದು, ‘ಇವತ್ತು ಬಸ್ಸಲ್ಲೇ ಹೋಗೋಣ ಬಿಡಿ’ ಎಂದಳು.

ವಿಷಯ ಮಗಳಿಗೆ ಮುಟ್ಟಿತು. ಅವಳು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸು. ಅಲ್ಲಿ ದಿನವೂ ಬೈಕಿನಿಂದ ಬಿದ್ದವರನ್ನೇ ನೋಡಿ ನೋಡಿ, ಎರಡು ಚಕ್ರದ ಮೇಲಿರುವ ಯಾರನ್ನು ಕಂಡರೂ ಅವಳ ಕಣ್ಣಿಗೆ ಕಾಣುವುದು ಪ್ಲಾಸ್ಟರೇ. ಬಂದವಳೇ ನನ್ನ ಊದಿದ್ದ ಮೊಣಕಾಲಿಗೆ ದಪ್ಪನೆಯ ಪಟ್ಟಿ ಸುತ್ತಿ ತೀರ್ಪು ಕೊಟ್ಟಳು.

“ಅಪ್ಪಾ, ಮುಂದಿನ ಭಾನುವಾರ ಬರ್ತೀನಿ. ಯಾರ ಕೈಯನ್ನೂ ಹಿಡೀದೆ ಹತ್ತಬೇಕು, ಬೀದಿ ಕೊನೇವರೆಗೆ ಹೋಗಿ ಬರಬೇಕು, ಯಾರ ಕೈಯನ್ನೂ ಹಿಡೀದೆ ಇಳೀಬೇಕು. ಆಗಲಿಲ್ಲ ಅಂದ್ರೆ ಗಾಡಿ ಮಾರೋದೇ. ಅಲ್ಲೀವರೆಗೆ ನೀನು ಅದರ ಮೇಲೆ ಕಾಲು ಹಾಕೋ ಹಾಗಿಲ್ಲ.”

ಆ ಗಾಡಿಯಲ್ಲೇ ನಾನು ಇಷ್ಟು ವರ್ಷ ಅಂಗಡಿಗೆ ಹೋಗಿ ಬಂದದ್ದು. ಸಂಜೆಯಾದರೆ ನಾವಿಬ್ಬರೂ ಕೆರೆಯ ಏರಿಯವರೆಗೆ ಹೋಗಿ, ಅಲ್ಲಿನ ಗೂಡಂಗಡಿಯಲ್ಲಿ ಚಹಾ ಕುಡಿದು, ಯಾರ ಮನೆಯ ವಿಷಯವನ್ನೋ ಮಾತಾಡಿ ವಾಪಸು ಬರುವುದು ಅದರಲ್ಲೇ. ಗಾಡಿ ಹೋದರೆ ಕೆರೆ ಹೋಯಿತು, ಚಹಾ ಹೋಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಮುದುಕನಾದೆ ಎಂದು ಬೀದಿಗೆಲ್ಲ ಡಂಗುರ ಸಾರಿದ ಹಾಗಾಯಿತು. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು.

ಆದರೆ ದರ್ಜಿಯ ಬುದ್ಧಿ ಭಯದಲ್ಲೂ ಕೆಲಸ ಮಾಡುತ್ತದೆ. ತಪ್ಪು ನನ್ನ ಕಾಲಿನದಲ್ಲ, ಗಾಡಿಯದು ಎಂದು ಹೊಳೆಯಿತು. ಯಾರೋ ಇಪ್ಪತ್ತರ ಹುಡುಗನ ಅಳತೆಗೆ ಮಾಡಿದ್ದನ್ನು ನಾನು ಅರವತ್ತು ದಾಟಿದ ಮೇಲೂ ತೊಟ್ಟುಕೊಂಡು ಓಡಾಡುತ್ತಿದ್ದೇನೆ. ಪ್ಯಾಂಟಾದರೆ ಸೊಂಟ ಬಿಚ್ಚಿ ಸಡಿಲ ಮಾಡುವುದಿಲ್ಲವೆ? ಹಾಗೆಯೇ ಇದಕ್ಕೂ ಒಂದು ಆಲ್ಟರೇಷನ್. ಸೀಟು ತಗ್ಗಿಸುವುದು, ಹ್ಯಾಂಡಲ್ ಎತ್ತರಿಸಿ ಹತ್ತಿರಕ್ಕೆ ತರುವುದು, ಹತ್ತಲು ಒಂದು ಮೆಟ್ಟಿಲು ಇಡುವುದು. ಹಿಂದೆ ಕೂರುವ ನನ್ನ ಹೆಂಡತಿಗೂ ಬೆನ್ನು ನೋವು, ಅವಳಿಗೊಂದು ಒರಗು. ಕುರ್ಚಿಯಲ್ಲಿ ಕೂತ ಹಾಗೆ ಕೂತು ಊರು ಸುತ್ತಬೇಕು, ಅಂಥ ಗಾಡಿ!

“ಗಾಡಿ ಏನು ಪ್ಯಾಂಟಾ, ಬಿಚ್ಚಿ ಹೊಲಿಯೋಕೆ?” ಎಂದು ಹೆಂಡತಿ ಕೇಳಿದಳು. ಕಲೆಯ ವಿಷಯದಲ್ಲಿ ಮನೆಯವರ ಅಭಿಪ್ರಾಯಕ್ಕೆ ನಾನು ಎಂದೂ ಬೆಲೆ ಕೊಟ್ಟವನಲ್ಲ.

ಮೊದಲನೆಯ ದಿನವೇ ಒಂದು ತೊಡಕು ಬಂತು. ಅಳತೆ ತೆಗೆಯಬೇಕಾದರೆ ಗಾಡಿಯ ಮೇಲೆ ಒಂದು ಮೈ ಇರಬೇಕು. ನಾನು ಹತ್ತುವ ಹಾಗಿಲ್ಲ, ಮಗಳ ಆಜ್ಞೆ. ಹತ್ತಿದರೂ, ಕೂತವನೇ ದೂರ ನಿಂತು ತನ್ನನ್ನು ತಾನು ನೋಡಿಕೊಳ್ಳುವುದು ಹೇಗೆ? ಅಂಗಡಿಯಲ್ಲಿ ಕೋಟು ತೊಡಿಸುವ ಬೊಂಬೆಯನ್ನು ತಂದು ಕೂರಿಸಿದೆ. ಅದಕ್ಕೆ ತಲೆಯಿಲ್ಲ, ಕೈಯಿಲ್ಲ, ಕಾಲೂ ಇಲ್ಲ. ಹಾದುಹೋಗುತ್ತಿದ್ದ ಪಕ್ಕದ ಮನೆಯಾಕೆ ಅದನ್ನು ಕಂಡು, ಪೆಟ್ರೋಲ್ ಬಂಕಿನಲ್ಲಿ ನನಗೆ ಆದದ್ದು ಇಷ್ಟೊಂದು ಎಂದು ಗೊತ್ತಿರಲಿಲ್ಲವೆಂದು ಕೂಗಿಕೊಂಡರು.

ಬೊಂಬೆಯನ್ನು ಇಳಿಸಿ ಹೆಂಡತಿಯನ್ನು ಕೂರಿಸಿದೆ. ಅವಳು ನನ್ನ ಭುಜಕ್ಕೆ ಬರುತ್ತಾಳೆ, ನಾನೋ ಬಾಗಿಲಿಗೆಲ್ಲ ತಲೆ ಬಗ್ಗಿಸುವ ಆಳು. ಆದರೇನಂತೆ? ಅವಳ ಅಳತೆಗೆ ನನ್ನ ಹೆಚ್ಚಿನ ಎತ್ತರವನ್ನು ಮನಸ್ಸಿನಲ್ಲೇ ಸೇರಿಸಿಕೊಂಡರಾಯಿತು. ಅದು ನನಗೆ ನೀರು ಕುಡಿದಷ್ಟು ಸಲೀಸು. ಅವಳು ಕೂತು ಎದ್ದು ಮಾಡಲು ಅನುಕೂಲವಾಗಲೆಂದು ಮಿಕ್ಕಿದ್ದ ಕೋಟಿನ ಬಟ್ಟೆಯಲ್ಲಿ ಒಂದು ಪ್ಯಾಂಟನ್ನೂ ಹೊಲಿದುಕೊಟ್ಟೆ. ಅದನ್ನು ತೊಟ್ಟು ಕನ್ನಡಿಯ ಮುಂದೆ ಅವಳು ಸ್ವಲ್ಪ ಹೆಚ್ಚು ಹೊತ್ತೇ ನಿಂತಿದ್ದಳು. ನಾನು ಗಮನಿಸಲಿಲ್ಲ.

ಗಾಡಿಯ ಮೇಲೆ ಕೂತವಳು ಹಳೆಯ ಕಥೆ ತೆಗೆದಳು. ಮದುವೆಗೆ ಮುಂಚೆ ಅವಳು ತನ್ನ ಅಣ್ಣನ ಬೈಕು ಓಡಿಸುತ್ತಿದ್ದಳಂತೆ, ಕೆಲಸಕ್ಕೂ ಅದರಲ್ಲೇ ಹೋಗುತ್ತಿದ್ದಳಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ತವರಿನ ಕಥೆಗಳಿಗೆ ಹೂಂಗುಟ್ಟುವ ಅಭ್ಯಾಸವಿರುವುದರಿಂದ ಹೂಂಗುಟ್ಟಿದೆ. ಅವಳ ಹತ್ತಿರ ಲೈಸೆನ್ಸ್ ಇರುವುದೂ, ಅದನ್ನು ಆಗಾಗ ನವೀಕರಿಸುವುದೂ ನನಗೆ ಗೊತ್ತಿತ್ತು. ಬ್ಯಾಂಕಿನಲ್ಲಿ ಗುರುತಿಗೆ ತೋರಿಸಲು ಇಟ್ಟುಕೊಂಡಿದ್ದಾಳೆ ಎಂದುಕೊಂಡಿದ್ದೆ.

ಕೆಲಸ ಭರದಿಂದ ಸಾಗಿತು. ಸೀಟಿನ ಕವರು ಬಿಚ್ಚಿ, ಒಳಗಿನ ಸ್ಪಂಜನ್ನು ಕತ್ತರಿಸಿದೆ. ಕೈಯಲ್ಲಿ ಟೇಪು ಹಿಡಿದು, ಕಿವಿಯ ಮೇಲೆ ಚಾಕ್ ಸಿಕ್ಕಿಸಿಕೊಂಡು, ಅಂಗಡಿಯಲ್ಲಿ ಕೇಳುವ ಹಾಗೆಯೇ ಕೇಳಿದೆ.

“ಎಲ್ಲಾದ್ರೂ ಬಿಗಿ ಇದೆಯಾ?”

“ಕಾಲು ಪೂರ್ತಿ ನೆಲಕ್ಕೆ ಎಟುಕ್ತಿಲ್ಲ. ಇನ್ನೂ ಸ್ವಲ್ಪ ತಗ್ಗಿಸಿ.”

ತಗ್ಗಿಸಿದೆ. ಹ್ಯಾಂಡಲ್ ದೂರವಾಯಿತು ಎಂದಳು. ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಹ್ಯಾಂಡಲ್ಲನ್ನು ಹತ್ತಿರಕ್ಕೆ ಬಗ್ಗಿಸಿದೆ. ಇನ್ನೂ ಹತ್ತಿರ ಬೇಕೆಂದಳು. ಇನ್ನೂ ಬಗ್ಗಿಸಿದೆ. ಪಾದ ಇಡುವ ಕಡ್ಡಿಗಳು ಕೆಳಗಾದವು ಎಂದಳು, ಅವನ್ನು ಮೇಲಕ್ಕೆ ತಂದೆ. ಹತ್ತಲು ಮೆಟ್ಟಿಲಿಗೆ ನನ್ನ ಮೊದಲ ಹೊಲಿಗೆ ಯಂತ್ರದ ಕಬ್ಬಿಣದ ತುಳಿಹಲಗೆಯನ್ನೇ ಬೆಸುಗೆ ಹಾಕಿಸಿದೆ. ಕ್ಲಚ್ಚು ಎಷ್ಟು ಹಿಡಿಯಬೇಕು, ಯಾವ ಗೇರಿಗೆ ಎಷ್ಟು ತುಳಿಯಬೇಕು ಎಂಬುದನ್ನೂ ಅವಳ ಕೈಯಲ್ಲೇ ಮಾಡಿಸಿ ನೋಡಿದೆ. ಗಿರಾಕಿ ಬಾಯಿಬಿಟ್ಟು ಒಂದು ಮಾತು ಹೇಳುವ ಮೊದಲೇ ನನ್ನ ಕೈ ಕತ್ತರಿಗೆ ಹೋಗುತ್ತಿತ್ತು. ಇದೇ ನೋಡಿ ಕಸುಬು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಇನ್ನು ಹಿಂದಿನ ಸೀಟು. ಅಂಗಡಿಯಲ್ಲಿ ಗಿರಾಕಿಗಳು ಕಾಯುವ ಕುರ್ಚಿಯಿಂದ ಒರಗು ಮತ್ತು ಎರಡು ಕೈಗಳನ್ನು ಕಿತ್ತು ತಂದೆ. ಆದರೆ ಹೆಂಡತಿ ಮುಂದೆ ಕೂತಿದ್ದಾಳೆ, ಹಿಂದೆ ಯಾರು? ಮುಂದಿನವರಿಗೂ ಹಿಂದಿನವರಿಗೂ ನಡುವೆ ಜಾಗ ಎಷ್ಟು ಬಿಡಬೇಕೆಂದು ಗೊತ್ತಾಗಬೇಡವೆ? ಅಷ್ಟರಲ್ಲಿ ನನ್ನ ಮೊಣಕಾಲಿನ ಊತ ಇಳಿದಿತ್ತು. ಮಗಳು ಕಾಲು ಹಾಕಬಾರದು ಎಂದಿದ್ದಳು, ಕೂರಬಾರದು ಎಂದಿರಲಿಲ್ಲ. ಗೇಟಿನ ಪಕ್ಕದ ಮೋಟುಗೋಡೆಯಿಂದ ಮೆಲ್ಲಗೆ ಜಾರಿ ಹಿಂದೆ ಕೂತೆ. ಒರಗು ಸ್ವಲ್ಪ ಹಿಂದಕ್ಕೆ ಹೋಗಲಿ ಎಂದೆ, ಹೋಯಿತು. ಕಾಲು ಚಾಚಲು ಜಾಗ ಸಾಲದು ಎಂದೆ, ಸಾಲುವಷ್ಟಾಯಿತು. ಮೊಣಕೈ ಊರುವ ಕಡೆ ಮೆತ್ತೆ ಇರಲಿ ಎಂದೆ. ಅದನ್ನು ನಾನೇ ಹೊಲಿದೆ.

“ಹಿಂದೆ ಯಾರು ಕೂರೋದು ಮಾಸ್ಟ್ರೇ?” ಎಂದು ವೆಲ್ಡಿಂಗಿನವನು ಕೇಳಿದ.

“ಇನ್ಯಾರಪ್ಪ? ನಮ್ಮ ಮನೆಯವಳು.”

ಅವನು ಹಿಂದೆ ಚಾಚಿಕೊಂಡಿದ್ದ ನನ್ನ ಕಾಲುಗಳನ್ನು ನೋಡಿದ, ಮುಂದೆ ಹ್ಯಾಂಡಲ್ ಹಿಡಿದಿದ್ದ ನನ್ನ ಹೆಂಡತಿಯನ್ನು ನೋಡಿದ. ಆಮೇಲೆ ಮುಖಕ್ಕೆ ಕಪ್ಪು ಗಾಜಿನ ಮುಖವಾಡ ಎಳೆದುಕೊಂಡು ಕೆಲಸಕ್ಕೆ ಇಳಿದ. ಪೂರ್ತಿಯಾದ ಮೇಲೆ ಮುಂದಿನ ಸೀಟಿನಲ್ಲಿ ಒಮ್ಮೆ ನಾನೇ ಕೂತು ನೋಡಬಹುದಿತ್ತು. ಆದರೆ ಮುಗಿದ ಕೋಟನ್ನು ದರ್ಜಿ ತೊಟ್ಟು ನೋಡಬಾರದು ಎಂಬುದು ನನಗೆ ಕೆಲಸ ಕಲಿಸಿದವರ ಕಟ್ಟಪ್ಪಣೆ. ಅದನ್ನು ನಾನು ಇವತ್ತಿಗೂ ಮೀರಿಲ್ಲ.

ಭಾನುವಾರ ಬಂತು, ಮಗಳೂ ಬಂದಳು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಲ್ಮೆಟ್ ಹಾಕಿಕೊಂಡು, ತುಳಿಹಲಗೆಯ ಮೇಲೆ ಕಾಲಿಟ್ಟೆ. ಆಹಾ, ಏರಿಯೇಬಿಟ್ಟೆ! ಯಾರ ಕೈಯನ್ನೂ ಹಿಡಿಯಲಿಲ್ಲ. ಗೆದ್ದೆ ಎಂದು ಮಗಳ ಕಡೆ ನೋಡಿ ನಕ್ಕೆ.

ನಕ್ಕು, ಕೂತೆ. ಕೂತ ಮೇಲೆ ನನಗೆ ಏನೂ ಅರ್ಥವಾಗಲಿಲ್ಲ.

ಮೊಣಕಾಲುಗಳು ಎದೆಯ ಹತ್ತಿರ ಬಂದಿದ್ದವು. ಹ್ಯಾಂಡಲ್ ಹೊಟ್ಟೆಯ ಮೇಲೆ ಕೂತಿತ್ತು. ಮೊಣಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಪಕ್ಕಕ್ಕೆ ರೆಕ್ಕೆಯ ಹಾಗೆ ಚಾಚಿದೆ. ಇದು ನನ್ನ ಗಾಡಿಯೇ ಹೌದೆ ಎಂದು ಬಗ್ಗಿ ನಂಬರು ನೋಡಹೋದರೆ ಗಲ್ಲ ಸ್ಪೀಡೋಮೀಟರಿಗೆ ಬಡಿಯಿತು. ನಂಬರು ಕಾಣಿಸಲಿಲ್ಲ, ನಕ್ಷತ್ರಗಳು ಕಾಣಿಸಿದವು. ರಾತ್ರಿಯಲ್ಲಿ ಗಾಡಿ ಕುಗ್ಗಿತೋ, ನಾನು ಬೆಳೆದೆನೋ? ಈ ವಯಸ್ಸಿನಲ್ಲಿ ಬೆಳೆಯುವುದುಂಟೆ? ನರ್ಸು ಪಕ್ಕದಲ್ಲೇ ಇದ್ದಾಳಲ್ಲ ಎಂದು ಕೇಳಿಯೇಬಿಟ್ಟೆ.

“ಮಗಳೇ, ಮೊಣಕಾಲು ಊದಿ ಇಳಿದ ಮೇಲೆ ಕಾಲು ಉದ್ದ ಆಗುತ್ತಾ?”

“ಅಪ್ಪಾ, ತಲೆಗೇನಾದ್ರೂ ಪೆಟ್ಟು ಬಿದ್ದಿತ್ತಾ ಅವತ್ತು?”

ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದು ಗಾಡಿ ಶುರು ಮಾಡಿದೆ. ಹೊರಟಿತು. ಬಲಕ್ಕೆ ತಿರುಗಿಸಲು ನೋಡಿದರೆ ಹ್ಯಾಂಡಲ್ ಹೋಗಿ ಬಲ ಮೊಣಕಾಲಿಗೆ ತಗುಲಿ ನಿಲ್ಲುತ್ತದೆ. ಎಡ ಮೊಣಕಾಲನ್ನು ಹೇಗೋ ಹೊರಗೆ ಚೆಲ್ಲಿದ್ದರಿಂದ ಎಡಕ್ಕೆ ಮಾತ್ರ ತಿರುಗುತ್ತದೆ. ಆದ್ದರಿಂದ ನಾನು ಎಡಕ್ಕೆ ಹೋದೆ. ಮತ್ತೆ ಎಡಕ್ಕೆ ಹೋದೆ. ಬೀದಿಯ ಕೊನೆ ಅಲ್ಲೇ ಕಾಣುತ್ತಿತ್ತು, ಆದರೆ ನಾನು ನನ್ನ ಮನೆಯ ಮುಂದೆಯೇ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಪ್ರತಿ ಸುತ್ತಿಗೂ ಮಗಳ ಮುಖ ಒಮ್ಮೆ ಬರುತ್ತಿತ್ತು, ಪಕ್ಕದ ಮನೆಯಾಕೆಯ ಮುಖ ಒಮ್ಮೆ ಬರುತ್ತಿತ್ತು. ಮಗಳ ಮುಖ ಬರುಬರುತ್ತಾ ಗಂಭೀರವಾಗುತ್ತಿತ್ತು, ಇನ್ನೊಂದು ಮುಖ ಬರುಬರುತ್ತಾ ಅರಳುತ್ತಿತ್ತು. ಕೊನೆಗೆ ನಮ್ಮ ಗೇಟಿಗೇ ಮುಂಚಕ್ರ ಕೊಟ್ಟು ನಿಂತೆ. ಇಳಿಯಲು ಮಗಳು ಕೈ ಕೊಟ್ಟಳು. ಹಿಡಿಯದೆ ಬೇರೆ ದಾರಿಯಿರಲಿಲ್ಲ.

“ಮಾರೋಣ ಅಪ್ಪಾ” ಎಂದಳು ಮಗಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅವಳು ಮೆತ್ತಗೆ ಹೇಳಿದಳು. ಕೆರೆಯ ಏರಿ, ಗೂಡಂಗಡಿ, ಚಹಾ ಎಲ್ಲ ಕಣ್ಣ ಮುಂದೆ ಬಂದುಹೋಯಿತು. ಹೆಲ್ಮೆಟ್ ತೆಗೆದು, ಗೇಟಿನ ಪಕ್ಕದ ಮೋಟುಗೋಡೆಯ ಮೇಲೆ ಕೂತುಬಿಟ್ಟೆ.

ಆಗ ನನ್ನ ಹೆಂಡತಿ ಒಳಗಿನಿಂದ ಬಂದಳು. ನಾನು ಹೊಲಿದುಕೊಟ್ಟ ಪ್ಯಾಂಟು ತೊಟ್ಟಿದ್ದಳು. ಒಲೆ ಆರಿಸಿ ಬಂದಿದ್ದೇನೆ ಎಂದು ಯಾರಿಗೋ ಹೇಳುವ ಹಾಗೆ ಹೇಳಿ, ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು ತಲೆಗೆ ಹಾಕಿಕೊಂಡಳು. ತುಳಿಹಲಗೆಯ ಮೇಲೆ ಕಾಲಿಟ್ಟಳು, ಕೂತಳು, ಪಾದಗಳೆರಡನ್ನೂ ನೆಲಕ್ಕೆ ಊರಿ ಗಾಡಿಯನ್ನು ಹಿಂದಕ್ಕೆ ತಳ್ಳಿ ಗೇಟಿನಿಂದ ಬಿಡಿಸಿದಳು. ‘ಅಮ್ಮಾ’ ಎಂದು ಮಗಳು ಅನ್ನುವಷ್ಟರಲ್ಲಿ ಬೀದಿಯ ಕೊನೆ ಮುಟ್ಟಿದ್ದಳು. ಬಲಕ್ಕೇ ತಿರುಗಿ ವಾಪಸು ಬಂದಳು, ಇಳಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ.

“ಹತ್ತಿದ್ದಾಯ್ತು, ಹೋಗಿ ಬಂದಿದ್ದಾಯ್ತು, ಇಳಿದಿದ್ದೂ ಆಯ್ತು. ಗಾಡಿ ಮಾರೋದು ಬೇಡ ಅಲ್ವಾ?” ಎಂದು ಮಗಳನ್ನು ಕೇಳಿದಳು. ಲೈಸೆನ್ಸ್ ತೋರಿಸು ಎಂದಳು ನರ್ಸಮ್ಮ. ಪ್ಯಾಂಟಿನ ಜೇಬಿನಲ್ಲಿತ್ತು. ಆ ಜೇಬನ್ನೂ ನಾನೇ ಹೊಲಿದಿದ್ದೆ.

ನನ್ನ ಮಂಡೆಯಲ್ಲಿ ಆಗ ನಿಧಾನಕ್ಕೆ ಬೆಳಕಾಯಿತು. ಗಾಡಿ ಕುಗ್ಗಿರಲಿಲ್ಲ, ನಾನೂ ಬೆಳೆದಿರಲಿಲ್ಲ. ಎದುರಿಗೆ ಕೂತವರು ಎಲ್ಲಿ ಬಿಗಿ ಎಂದರೋ ಅಲ್ಲಿ ಸಡಿಲ ಮಾಡುವುದು ನಲವತ್ತು ವರ್ಷದಿಂದ ಈ ಕೈಗೆ ಅಂಟಿದ ಚಾಳಿ. ನನ್ನ ಹೆಚ್ಚಿನ ಎತ್ತರವನ್ನು ಸೇರಿಸಬೇಕಾದ್ದು ತಲೆ, ಆದರೆ ಕೆಲಸ ಮಾಡಿದ್ದು ಕೈ. ಅಳತೆ ಎಳ್ಳಷ್ಟೂ ತಪ್ಪಿಲ್ಲ, ತಪ್ಪಿದ್ದು ಗಿರಾಕಿ!

“ನಿಂಗೆ ಗೊತ್ತಿತ್ತೇನೇ, ಗಾಡಿ ನಿನ್ನ ಅಳತೆಗೆ ಆಗ್ತಿದೆ ಅಂತ?” ಎಂದು ಕೇಳಿದೆ.

“ನೀವು ಎಲ್ಲಿ ಬಿಗಿ ಅಂತ ಕೇಳಿದ್ರಿ, ನಾನು ಹೇಳ್ದೆ. ಮದುವೆಯಾದಾಗಿಂದ ನೀವು ಅದನ್ನ ನನ್ನ ಕೇಳಿದ್ದು ಇದೇ ಮೊದಲ ಸಲ. ಸಿಕ್ಕಿದ ಅವಕಾಶ ಬಿಡ್ತೀನಾ?”

ಗೊತ್ತಿತ್ತು ಎಂದಳೋ ಇಲ್ಲವೆಂದಳೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಸಂಜೆ ಕೆರೆಯ ಏರಿಗೆ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಬಿಗುಮಾನದಿಂದ ಮುಖ ಊದಿಸಿಕೊಂಡೇ ಹತ್ತಿದೆ. ಆದರೆ ಏನು ಹೇಳಲಿ! ಒರಗು ಬೆನ್ನಿಗೆ ಸರಿಯಾಗಿ ಕೂತಿತು. ಕಾಲುಗಳು ಬೇಕಾದಷ್ಟು ಚಾಚಿಕೊಂಡವು. ಮೊಣಕೈಗಳ ಕೆಳಗೆ ಮೆತ್ತನೆಯ ಮೆತ್ತೆ. ಈ ಸೀಟಿಗೆ ಅಳತೆ ಕೊಟ್ಟವನು ಯಾರೆಂದು ಆಗ ನೆನಪಾಯಿತು. ಮುಖದ ಊತ ಇಳಿಯತೊಡಗಿತು.

ಪೆಟ್ರೋಲ್ ಬಂಕನ್ನು ದಾಟುವಾಗ ಅವಳು ಕತ್ತು ಸ್ವಲ್ಪವೇ ತಿರುಗಿಸಿ ಕೇಳಿದಳು.

“ಎಲ್ಲಾದ್ರೂ ಬಿಗಿ ಇದೆಯಾ?”

ನಲವತ್ತು ವರ್ಷ ಗಿರಾಕಿಗಳ ಬಾಯಲ್ಲಿ ಕೇಳಿದ್ದ ಮಾತನ್ನು ಮೊಟ್ಟಮೊದಲ ಸಲ ನಾನೇ ಹೇಳಬೇಕಾಯಿತು.

“ಇಲ್ಲ ಮೇಡಂ, ಅಳತೆ ಕೊಟ್ಟು ಹೊಲಿಸಿದ ಹಾಗಿದೆ.”