ಪಕ್ಕದ ತಾರಸಿಯ ದಂಟು

ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದಿದವನು ನಾನು. ‘ಅಸೂಯೆಯಿಂದ’ ಎಂಬ ಪದ ಕಂಡರೆ ಹೊಡೆದುಹಾಕುತ್ತಿದ್ದೆ. ಮನಸ್ಸಿನೊಳಗಿನ ಸಂಗತಿಗೆ ಸಾಕ್ಷಿ ಎಲ್ಲಿಂದ ತರುವುದು? ಈಗ ಆ ಪದವನ್ನು ನನ್ನ ಬಗ್ಗೆಯೇ ಬರೆಯಬೇಕಾಗಿದೆ. ಸಾಕ್ಷಿ ಬೇಕಾದಷ್ಟಿದೆ. ಗಿರಿನಗರದ ನಮ್ಮ ತಾರಸಿಗೆ ಅಂಟಿಕೊಂಡೇ ಪದ್ಮಿನಿಯವರ ತಾರಸಿ. ಬ್ಯಾಂಕಿನಿಂದ ನಿವೃತ್ತರಾದವರು, ನನ್ನ ಹಾಗೆಯೇ ಗುದ್ದಲಿ ಹಿಡಿದು ಗೊತ್ತಿಲ್ಲದವರು. ಇಬ್ಬರೂ ಒಬ್ಬನೇ ಬಡಗಿಯ ಕೈಲಿ ನಾಲ್ಕಡಿ ಉದ್ದ, ಎರಡಡಿ ಅಗಲದ ಮರದ ಪಾತಿಗಳನ್ನು ಎರಡೆರಡು ಮಾಡಿಸಿದೆವು. ಮಣ್ಣು ಒಂದೇ ಟೆಂಪೋದಲ್ಲಿ ಬಂತು. ಬಿಸಿಲೂ ಒಂದೇ. ಇವಿಷ್ಟು ನಿರ್ವಿವಾದ.

ವ್ಯತ್ಯಾಸ ಬಂದದ್ದು ಏನು ಬೆಳೆಯಬೇಕು ಎಂಬಲ್ಲಿ. ನಾನು ಒಂದು ಪಾತಿಗೆ ಕುಂಬಳ, ಇನ್ನೊಂದಕ್ಕೆ ಹೂಕೋಸು ಹಾಕಿದೆ. ಮುಖಪುಟಕ್ಕೆ ಒಂದು ದೊಡ್ಡ ಚಿತ್ರ ಇರಲಿ ಅನ್ನುವ ಹಳೇ ಚಟ. ಪದ್ಮಿನಿಯವರು ಗೋಡೆಯಾಚೆಯಿಂದ ಬಗ್ಗಿ ನೋಡಿ, “ಅಷ್ಟು ಜಾಗಕ್ಕೆ ಕುಂಬಳಾನಾ ಸಾರ್? ದಂಟು ಹಾಕಿ. ಕಿತ್ತು ತಿನ್ನಿ, ಮತ್ತೆ ಹಾಕಿ,” ಅಂದರು. ಬೇಡದ ಸಲಹೆ ಎಂದು ನಕ್ಕು ತಳ್ಳಿಹಾಕಿದೆ. ಅವರು ಮೆಂತ್ಯದ ಸಾಲುಗಳ ನಡುವೆ ಮೂಲಂಗಿ ತೂರಿಸಿದರು. ಅಂಚಿನಲ್ಲಿ ದಾರ ಕಟ್ಟಿ ಹೀರೆಬಳ್ಳಿಯನ್ನು ಮೇಲಕ್ಕೆ ಕಳಿಸಿದರು. ಎರಡನೆಯ ಪಾತಿ ತುಂಬ ಕೆಂಪು ದಂಟು. ಒಂದಂಗುಲ ಮಣ್ಣೂ ಸುಮ್ಮನೆ ಕೂರಲಿಲ್ಲ. ಇತ್ತ ನನ್ನ ಕುಂಬಳ ಪಾತಿ ದಾಟಿ, ನೀರಿನ ಟ್ಯಾಂಕಿನ ಪೈಪು ಹತ್ತಿ, ಬಟ್ಟೆ ಒಣಹಾಕುವ ತಂತಿಯನ್ನು ವಶಪಡಿಸಿಕೊಂಡು, ಕೊನೆಗೆ ನಿಂಬೆಹಣ್ಣಿನ ಗಾತ್ರದ ಒಂದೇ ಒಂದು ಕಾಯಿ ಬಿಟ್ಟು ಅದನ್ನೂ ಉದುರಿಸಿತು. ಹೂಕೋಸು ಎಲೆಯಿಂದ ಮುಂದಕ್ಕೆ ಹೋಗಲಿಲ್ಲ.

ವಾರಕ್ಕೊಮ್ಮೆ ಪದ್ಮಿನಿಯವರಿಂದ ಒಂದು ಕಟ್ಟು ಸೊಪ್ಪು ಬರುತ್ತಿತ್ತು. ನನ್ನ ಹೆಂಡತಿ ಸರಸ ಮಸ್ಸೊಪ್ಪು ಮಾಡಿ, ಮೊದಲ ತುತ್ತಿಗೇ ಕಣ್ಣು ಮುಚ್ಚಿ, “ಎಷ್ಟು ಚೆನ್ನಾಗಿದೆ ಅಲ್ವಾ?” ಅನ್ನುತ್ತಿದ್ದಳು. ನಾನು ಬೆಳೆದದ್ದನ್ನು ತಿಂದು ಅವಳು ಒಂದು ಸಲ ಹಾಗೆ ಕಣ್ಣು ಮುಚ್ಚಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಹೀಗಿರುವಾಗ ಪದ್ಮಿನಿಯವರು ಒಂದು ತಿಂಗಳು ಮೈಸೂರಿನ ಮಗಳ ಮನೆಗೆ ಹೊರಟರು. ತಾರಸಿಯ ಕೀಲಿಯನ್ನೂ ಬೀಜದ ಪೊಟ್ಟಣವನ್ನೂ ನನ್ನ ಕೈಗೇ ಇಟ್ಟರು. “ನಿಮ್ಮ ಪಾತಿಯಲ್ಲಿ ಹೇಗೂ ಕೆಲಸ ಇರಲ್ಲ ಸಾರ್. ನಮ್ಮದಕ್ಕೆ ನೀರು ಹಾಕ್ತೀರಾ? ಇರೋ ದಂಟು ಕಿತ್ಕೊಂಡು ತಿನ್ನಿ, ಈ ಬೀಜ ಉದುರಿಸಿ.”

ಮೊದಲ ದಿನ ಬೆಳಿಗ್ಗೆ ನೀರು ಹಾಕಲಿಲ್ಲ. ಮರೆತಿರಲಿಲ್ಲ, ಒಂದು ದಿನ ಒಣಗಲಿ ಅನ್ನಿಸಿತು. ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆ ಪಕ್ಕಕ್ಕೆ ಸರಿಸಿದೆ. ಎದ್ದು ಹೋಗಿ ಉರಿಬಿಸಿಲಲ್ಲೇ ಎರಡು ಬಿಂದಿಗೆ ಸುರಿದು ಬಂದೆ. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಹಳೇ ದಂಟು ಕಿತ್ತೆ, ಬೀಜಕ್ಕೆ ಮರಳು ಬೆರೆಸಿ ಉದುರಿಸಿದೆ, ಒತ್ತಾಗಿ ಹುಟ್ಟಿದ್ದನ್ನು ತೆಳು ಮಾಡಿದೆ, ಎಲೆ ಮಗುಚಿ ಹುಳು ಹುಡುಕಿದೆ. “ಅಲ್ಲೇ ಚಾಪೆ ಹಾಸ್ಕೊಡ್ಲಾ?” ಎಂದು ಸರಸ ಮೆಟ್ಟಿಲ ಬುಡದಿಂದ ಕೂಗಿದಳು. ನಾನು ನೀರು ಹಾಕುತ್ತಿದ್ದೇನೆ ಎಂದಷ್ಟೇ ಅವಳಿಗೆ ಗೊತ್ತು. ಈ ನಡುವೆ ನನ್ನ ಹೂಕೋಸಿನ ಗಿಡಗಳು ಸೀದುಹೋಗಿದ್ದವು. ಅತ್ತ ನೋಡಿರಲೇ ಇಲ್ಲ.

ಪದ್ಮಿನಿಯವರು ಊರಿಂದ ಬಂದವರೇ ತಾರಸಿ ಹತ್ತಿದರು. ಗೇಣುದ್ದದ ದಂಟು ಪಾತಿ ತುಂಬ ನಿಂತಿತ್ತು. “ಪರವಾಗಿಲ್ಲ ಸಾರ್, ನೀವು ಕೈ ಹಾಕಿದ್ರೂ ಚೆನ್ನಾಗೇ ಇದೆ,” ಅಂದರು. ಅಭಿನಂದನೆ ಎಂದೇ ದಾಖಲಿಸಿಕೊಂಡೆ. ಅಂದೇ ಒಂದು ಕಟ್ಟು ನಮ್ಮ ಮನೆಗೂ ಬಂತು.

ಸರಸ ಮಸ್ಸೊಪ್ಪು ಮಾಡಿದಳು. ಮೊದಲ ತುತ್ತಿಗೇ ಕಣ್ಣು ಮುಚ್ಚಿದಳು. “ಏನೇ ಅನ್ನಿ, ಪದ್ಮಿನಿ ಕೈಗುಣಾನೇ ಬೇರೆ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.”

ಬಿತ್ತಿದ್ದು ನಾನು, ಬೆಳೆಸಿದ್ದೂ ನಾನು ಎಂಬ ಮಾತು ನಾಲಗೆಯ ತುದಿಗೆ ಬಂತು. ಬಿತ್ತಿದ ದಿನ, ವಾರ ಸಮೇತ ಹೇಳಬಹುದಿತ್ತು. ಆದರೆ ಅವಳ ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತು: ‘ಹಾಗಾದ್ರೆ ನಮ್ಮ ಪಾತಿಯಲ್ಲಿ ಯಾಕೆ ಬರಲಿಲ್ಲ?’ ಪದ್ಮಿನಿಯವರ ಮೇಲೆ ಹಿಂದೆಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು.

“ಹೌದು, ಒಳ್ಳೇ ಕೈ,” ಎಂದು ಒಪ್ಪಿಕೊಂಡು, ಇನ್ನೊಂದು ಸೌಟು ಹಾಕಿಸಿಕೊಂಡೆ.