ಅತ್ತೆಯ ಕಾಲ ಕೆಳಗಿನ ವೈರು

ನನಗೆ ನೆನಪಿನ ಶಕ್ತಿ ಕಡಿಮೆಯೇನಿಲ್ಲ. ಎಲ್ಲವೂ ನೆನಪಿರುತ್ತದೆ, ಅದು ನಡೆದದ್ದೋ ಇಲ್ಲವೋ ಎಂಬುದಷ್ಟೇ ಖಾತ್ರಿಯಿಲ್ಲ. ಗ್ಯಾಸ್ ಆರಿಸಿದ್ದು ಕಣ್ಣಿಗೆ ಕಟ್ಟಿದಂತಿದ್ದರೂ ಅದು ಇವತ್ತಿನದೋ ನಿನ್ನೆಯದೋ ಎಂಬ ಅನುಮಾನ ಬಂದು ಬೀದಿ ತುದಿಯಿಂದ ವಾಪಸು ಬರುತ್ತೇನೆ. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿರುವುದರಿಂದ ಈ ಕಾಯಿಲೆಯನ್ನು ನಾನು ವೈಜ್ಞಾನಿಕ ಮನೋಭಾವ ಎನ್ನುತ್ತೇನೆ. ಹೆಂಡತಿ ಸುಧಾ ಬೇರೆ ಏನೋ ಎನ್ನುತ್ತಾಳೆ.

ಮೊನ್ನೆ ಪಾವಗಡದ ಕಡೆಯ ತಿರುಮಣಿಯಲ್ಲಿ ಸುಧಾಳ ತಂಗಿಯ ಸೀಮಂತ. ಊಫರು, ಆಂಪ್ಲಿಫೈಯರು ಹಾಕಿಸಿದ ನಮ್ಮ ಕಾರನ್ನು ಮನೆ ಮುಂದೆ ನಿಲ್ಲಿಸಿ, ಡಿಕ್ಕಿ ತೆರೆದು ಹಾಡು ಹಾಕುವುದೆಂದು ಅತ್ತೆ ನೆಂಟರಿಗೆಲ್ಲ ಸಾರಿಬಿಟ್ಟಿದ್ದರು. ಸುಧಾಳನ್ನೂ ಅತ್ತೆಯನ್ನೂ ಕೂರಿಸಿಕೊಂಡು ಮಧುಗಿರಿ ದಾಟಿದ್ದೇ ತಡ, ನನಗೆ ವೈರು ನೆನಪಾಯಿತು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ಆ ವೈರನ್ನು ನಾನೇ ಶಿರಾದಲ್ಲಿ ಆರಿಸಿ ತಂದು ಮೆಕ್ಯಾನಿಕ್ಕಿಗೆ ಕೊಟ್ಟಿದ್ದೆ. ಅಂಗಡಿಯವರು ಎರಡು ಕೆಂಪು ಸುರುಳಿ ಇಟ್ಟು, ಎಳೆಗಳನ್ನು ಚಾಕುವಿನಿಂದ ಕೆರೆದು ತೋರಿಸಿದ್ದರು.

"ಇದು ಅಸಲಿ ತಾಮ್ರ ಸಾಬ್, ಕೆರೆದ್ರೂ ಕೆಂಪೇ. ಅದು ಮೇಲೆ ತಾಮ್ರ, ಒಳಗೆ ಬಿಳೀ ಅಲ್ಯೂಮಿನಿಯಂ. ಇಷ್ಟು ದೊಡ್ಡ ಆಂಪ್ಲಿಫೈಯರಿಗೆ ಹಾಕಿದ್ರೆ ಗರಮ್ ಆಗ್ತದೆ."

ನಾನು ಅದನ್ನೂ ಇದನ್ನೂ ಎತ್ತಿ ಇಳಿಸಿ, ಕೊನೆಗೆ ಒಂದನ್ನು ತಂದೆ. ಯಾವುದನ್ನು? ಕಣ್ಣ ಮುಂದೆ ಬಿಳಿ ಎಳೆಯೇ ಹೊಳೆಯುತ್ತಿತ್ತು. ಬ್ಯಾಟರಿ ಹತ್ತಿರ ಫ್ಯೂಸ್ ಹಾಕು ಎಂದು ಮೆಕ್ಯಾನಿಕ್ಕಿಗೆ ಹೇಳಿದೆನೋ, ಹೇಳಬೇಕೆಂದುಕೊಂಡೆನೋ? ವೈರು ಹಾದುಹೋಗಿದ್ದುದು ಹಿಂದಿನ ಸೀಟಿನಲ್ಲಿ ಅತ್ತೆ ಕಾಲಿಟ್ಟಿದ್ದ ಮ್ಯಾಟಿನ ಕೆಳಗೆ. ಮೆಲ್ಲಗೆ ಹಾಡಿನ ಸೌಂಡ್ ಇಳಿಸಿದೆ.

"ಯಾಕ್ ಅಳಿಯಂದ್ರೆ ಸೌಂಡ್ ಇಳುಸ್ಬುಟ್ರಿ? ಪಾಟ ಕೇಳ್ಸಂಗಿಲ್ಲ."

"ಅತ್ತೆ, ಪಾದ ಬಿಸಿಯಾಗ್ತಿದೆಯಾ?"

"ಪಾವಗಡದ ಬಿಸ್ಲಾಗೆ ಯಾರ ಪಾದ ತಣ್ಣಗೈತೆ, ಹೇಳ್ರಿ?"

ಈ ಉತ್ತರದಿಂದ ವಿಜ್ಞಾನಕ್ಕೆ ಏನೂ ಪ್ರಯೋಜನವಾಗಲಿಲ್ಲ. ಸುಧಾ ಮತ್ತೆ ಸೌಂಡ್ ಏರಿಸಿದಳು. ಸೋಲಾರ್ ಫಲಕಗಳ ಸಾಲು ಶುರುವಾಗುವಲ್ಲಿ ಸುಟ್ಟ ವಾಸನೆ ಬಂದಂತಾಯಿತು. ಗಕ್ಕನೆ ಬ್ರೇಕು ಹಾಕಿ, "ಇಳೀರಿ, ಬೇಗ ಇಳೀರಿ!" ಎಂದು ಕಿರುಚಿದೆ. ಇಬ್ಬರೂ ಜಾಲಿ ಮರದ ಕಡೆ ಓಡಿದರು.

ಮ್ಯಾಟು ಎತ್ತಿ ಮುಟ್ಟಿದರೆ ವೈರು ತಣ್ಣಗಿತ್ತು. ಅಷ್ಟಕ್ಕೇ ಒಪ್ಪುವವನಾಗಿದ್ದರೆ ನಾನು ಎಂ.ಎಸ್‌ಸಿ. ಯಾಕೆ ಮಾಡುತ್ತಿದ್ದೆ? ಹಣ್ಣು ಹೆಚ್ಚುವ ಚಾಕು ತೆಗೆದು, ಹೊದಿಕೆ ಸೀಳಿ, ಎಳೆ ಕೆರೆದೆ. ಕೆಂಪು. ಇನ್ನೂ ಕೆರೆದೆ. ಅಪ್ಪಟ ಕೆಂಪು. "ತಾಮ್ರ!" ಎಂದು ಕೂಗಿ ಅವರತ್ತ ತಿರುಗುವಷ್ಟರಲ್ಲಿ ಎಳೆಗೆ ತಾಗಿಕೊಂಡೇ ಇದ್ದ ಚಾಕುವಿನ ತುದಿ ಸೀಟಿನ ಕಬ್ಬಿಣಕ್ಕೂ ತಾಗಿತು. ಚಟ್ಟೆಂದು ಕಿಡಿ ಹಾರಿ ಹಾಡು ನಿಂತುಹೋಯಿತು.

ಬಾನೆಟ್ ಎತ್ತಿದೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸೂ ಇತ್ತು. ಕರ್ತವ್ಯ ಮುಗಿಸಿ ಕರಗಿಹೋಗಿತ್ತು.

"ಇನ್ನ ಸೀಮಂತದಾಗೆ ನಾನೇ ಹಾಡ್ಬೇಕೇನಪ್ಪಾ?" ಎಂದರು ಅತ್ತೆ.

"ಇನ್ನೊಂದು ಫ್ಯೂಸ್ ಇಲ್ವೇನ್ರೀ?" ಎಂದಳು ಸುಧಾ.

"ಇದೆ. ಡಿಕ್ಕಿಯಲ್ಲೇ ಇಟ್ಟಿದ್ದೇನೆ, ಚೆನ್ನಾಗಿ ನೆನಪಿದೆ," ಎಂದೆ.

ಸುಧಾ ಡಿಕ್ಕಿಯ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಜಾಲಿ ನೆರಳಲ್ಲೇ ನಿಂತು ಗಂಟಲು ಸರಿಮಾಡಿಕೊಳ್ಳತೊಡಗಿದರು.